ಮಂಗಳೂರಿನ ಲೆಕ್ಕ, ಬೆಂಗಳೂರಿನ ಗಾಳಿ

ಈ ವಾರ ಭಾವನವರ ಕಾರಿನ ಸಲುವಾಗಿ ವಿಲ್ಸನ್ ಗಾರ್ಡನ್ನಿನ ಒಂದು ಸಣ್ಣ ಗ್ಯಾರೇಜಿನಲ್ಲಿ ಅರ್ಧ ದಿನ ಕುಳಿತಿದ್ದೆ. ಅಲ್ಲಿ ಕೇಳಿದ ಒಂದು ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಕೀ ತಿರುಗಿಸಿ, ಎಂಜಿನ್ ಚಾಲೂ ಮಾಡದೆ, ಕಾರಿನ ಸೆನ್ಸರುಗಳ ಅಂಕಿ ತೋರಿಸುವ ಸ್ಕ್ಯಾನರ್ ನೋಡುತ್ತಿದ್ದ ಹುಡುಗ, "ಅಣ್ಣಾ, ಹಾಳೆಯಲ್ಲಿ 101 ಅಂತ ಇದೆ, ಇಲ್ಲಿ 91 ತೋರಿಸ್ತಿದೆ, ಸೆನ್ಸರ್ ಹೋಗಿರಬೇಕು" ಎಂದ. ಬಾನೆಟ್ಟಿನೊಳಗೆ ಬಗ್ಗಿದ್ದ ಮೇಸ್ತ್ರಿ ತಲೆಯನ್ನೂ ಎತ್ತದೆ, "ಅದು ಮಂಗಳೂರಿನ ಲೆಕ್ಕ ಕಣೋ, ಬೆಂಗಳೂರಿಗೆ 91 ಸರಿಯಾಗೇ ಇದೆ" ಎಂದರು.

ಆ ಒಂದು ವಾಕ್ಯ ಗೊತ್ತಿಲ್ಲದ ಕಾರಣಕ್ಕೇ ಭಾವನವರು ಅದಾಗಲೇ ಬೇರೊಂದು ದೊಡ್ಡ ವರ್ಕ್‌ಶಾಪಿನಲ್ಲಿ, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಈ ಸೆನ್ಸರನ್ನು ಹೊಸದಾಗಿ ಹಾಕಿಸಿಕೊಂಡಿದ್ದರು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101.3 ಕಿಲೋಪಾಸ್ಕಲ್, ನಮ್ಮ ಊರು ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅದು 91ರ ಆಸುಪಾಸಿಗೆ ಇಳಿಯುತ್ತದೆ. ಎಂಜಿನ್ ನಿಂತಿರುವಾಗ ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ವ್ಯತ್ಯಾಸವಿರುವುದಿಲ್ಲವಾದ್ದರಿಂದ ಸೆನ್ಸರ್ ಊರಿನ ಒತ್ತಡವನ್ನೇ ತೋರಿಸಬೇಕು, ಇದೂ ಅದನ್ನೇ ತೋರಿಸುತ್ತಿತ್ತು. ಹೊಸ ಸೆನ್ಸರ್ ಕೂಡ ಅದೇ 91 ತೋರಿಸಿದಾಗಲಾದರೂ ಆ ವರ್ಕ್‌ಶಾಪಿನವರಿಗೆ ಅನುಮಾನ ಬರಬೇಕಿತ್ತು. ಬದಲಿಗೆ ಅವರು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಕೆಟ್ಟಿದೆ, ಅದನ್ನೂ ಬದಲಾಯಿಸಬೇಕು ಎಂದು ಎಸ್ಟಿಮೇಟ್ ಕೊಟ್ಟು ಕಳುಹಿಸಿದ್ದರು. ಇದನ್ನು ನಾನು ಬರೀ ಅಜ್ಞಾನವೆಂದು ಒಪ್ಪಲಾರೆ. ನೋಡಲು ಮನಸ್ಸಿಲ್ಲದಿರುವುದು ಅಜ್ಞಾನಕ್ಕಿಂತ ಕೆಟ್ಟದ್ದು.

ಕಾರಿನ ತೊಂದರೆ ಇಷ್ಟು: ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ ಎಂಜಿನ್ ದೀಪ ಹೊತ್ತಿಕೊಂಡು ಇದ್ದಕ್ಕಿದ್ದಂತೆ ಶಕ್ತಿ ಉಡುಗಿಹೋಗುತ್ತಿತ್ತು, ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸ್ವಲ್ಪ ಹೊತ್ತು ಸರಿಯಾಗಿರುತ್ತಿತ್ತು. ಈ ಕಾರಿನಲ್ಲಿರುವ ಸೂಪರ್‌ಚಾರ್ಜರ್ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತಾ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ; ಎಷ್ಟು ಒತ್ತಡ ತುಂಬಿದೆ ಎಂಬುದು ಇಸಿಯುಗೆ ತಿಳಿಯದೆ ಹೋದರೆ ಅದು ಎಂಜಿನ್ನಿನ ರಕ್ಷಣೆಗಾಗಿ ಬೂಸ್ಟನ್ನೇ, ಅಂದರೆ ಆ ಹೆಚ್ಚುವರಿ ಒತ್ತಡವನ್ನೇ, ತಡೆಯುತ್ತದೆ. ಇಸಿಯುವಿನಲ್ಲಿ ದಾಖಲಾಗಿದ್ದ ದೋಷದ ಕೋಡ್ ಪಿ0237, ಅಂದರೆ ಬೂಸ್ಟ್ ಸೆನ್ಸರ್ ಸರ್ಕ್ಯೂಟಿನ ವೋಲ್ಟೇಜ್ ತೀರಾ ಕಡಿಮೆ.

ಮೇಸ್ತ್ರಿ ಹುಡುಗನಿಗೆ ಅಲ್ಲಿಯೇ ಪಾಠ ಮಾಡಿದರು. ಸೆನ್ಸರಿನ ಮೂರು ತಂತಿಗಳಲ್ಲಿ ಒಂದು 5 ವೋಲ್ಟ್, ಒಂದು ಗ್ರೌಂಡ್, ಮತ್ತೊಂದು ಸಿಗ್ನಲ್. ಬೆಲ್ಟ್ ಜಾರಿದರೆ, ಪೈಪಿನಲ್ಲಿ ಗಾಳಿ ಸೋರಿದರೆ ಒತ್ತಡ ನಿಜವಾಗಿಯೂ ಕಡಿಮೆಯಾಗುತ್ತದೆ, ಆದರೆ ಸಿಗ್ನಲ್ ಸೊನ್ನೆಗೆ ಬೀಳುವುದಿಲ್ಲ. "ಗಾಳಿಯೇ ಇಲ್ಲದ ಕಡೆ ಇಟ್ಟರೂ ಈ ಸೆನ್ಸರ್ ಒಂಚೂರಾದರೂ ವೋಲ್ಟ್ ಕೊಡುತ್ತೆ. ಸೊನ್ನೆ ಬಂತು ಅಂದ್ರೆ ಅದು ಗಾಳಿ ವಿಷಯ ಅಲ್ಲ, ತಂತಿ ವಿಷಯ" ಎಂದರು. ಅಷ್ಟು ಸ್ವಚ್ಛವಾದ ತರ್ಕವನ್ನು ನಾನು ಅನೇಕ ಎಂಜಿನಿಯರುಗಳ ಬಾಯಲ್ಲೂ ಕೇಳಿಲ್ಲ.

ಕನೆಕ್ಟರ್ ಬಿಚ್ಚಿ ಅಳೆದಾಗ 5 ವೋಲ್ಟ್ ಪೂರ್ತಿ ಬರುತ್ತಿತ್ತು, ಗ್ರೌಂಡ್ ಗಟ್ಟಿಯಾಗಿತ್ತು. ಬಳಿಕ ಫ್ಯೂಸ್ ಇರುವ ತುಂಡು ತಂತಿಯಿಂದ 5 ವೋಲ್ಟನ್ನು ಸಿಗ್ನಲ್ ಪಿನ್ನಿಗೆ ಸೇರಿಸಿದರು. ಸ್ಕ್ಯಾನರಿನ ಅಂಕಿ ಒಮ್ಮೆಗೇ ತುತ್ತತುದಿಗೆ ಏರಿತು. "ಇಸಿಯು ನೋಡ್ತಾ ಇದೆ ಸಾರ್, ಅದಕ್ಕೇನೂ ಆಗಿಲ್ಲ" ಎಂದು ಭಾವನ ಕಡೆ ತಿರುಗಿದರು. ಲಕ್ಷ ಮುಟ್ಟುವ ಎಸ್ಟಿಮೇಟ್ ಸುಳ್ಳಾಗಿದ್ದು ಒಂದು ಗೇಣು ತಂತಿಯಿಂದ.

ಮತ್ತೆ ಸೆನ್ಸರ್ ಜೋಡಿಸಿ, ಮಲ್ಟಿಮೀಟರಿನ ಸಪೂರ ಪಿನ್ನನ್ನು ಕನೆಕ್ಟರಿನ ಹಿಂಬದಿಯಿಂದ ತೂರಿಸಿದರು. ಮೀಟರ್ 1.7 ವೋಲ್ಟ್ ತೋರಿಸುತ್ತಾ ನಿಂತಿತು. ಹುಡುಗ ವೈರಿಂಗನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಹೋದ. ಸೂಪರ್‌ಚಾರ್ಜರಿನ ಕೆಳಗಿರುವ ಕಬ್ಬಿಣದ ಬ್ರಾಕೆಟ್ಟಿನ ಬಳಿ ಕೈ ಹೋದದ್ದೇ ಅಂಕಿ ಸೊನ್ನೆಗೆ ಬಿತ್ತು, ಕೈ ತೆಗೆದಾಗ ಮೇಲೆದ್ದಿತು. ಹಿಂದೆ ಬೆಲ್ಟ್ ಬದಲಿಸಿದವರು ವೈರಿಂಗ್ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪನ್ನು ಮತ್ತೆ ಹಾಕಿರಲಿಲ್ಲ. ಅಂಚಿಗೆ ಉಜ್ಜಿ ಉಜ್ಜಿ ಸಿಗ್ನಲ್ ತಂತಿಯ ಹೊದಿಕೆ ಸವೆದು, ಕಾಳಿನಷ್ಟಗಲ ತಾಮ್ರ ಹೊಳೆಯುತ್ತಿತ್ತು. ಏರಿನಲ್ಲಿ ಎಂಜಿನ್ ಒಂದು ಪಕ್ಕಕ್ಕೆ ವಾಲಿದಾಗ ಆ ತಾಮ್ರ ಬ್ರಾಕೆಟ್ಟಿಗೆ ತಾಗಿ ಸಿಗ್ನಲ್ ಗ್ರೌಂಡಿಗೆ ಸೇರಿ ಸೊನ್ನೆಯಾಗುತ್ತಿತ್ತು, ಅಷ್ಟೇ. ಬೆಸುಗೆ ಹಾಕಿ, ಸ್ಲೀವ್ ತೊಡಿಸಿ, ಹೊಸ ಕ್ಲಿಪ್ ಹಾಕಿ ಕಟ್ಟಿದರು.

ಬಿಲ್ಲಿನಲ್ಲಿ ಸಾಮಾನಿನ ಬಾಬ್ತು ನೂರು ರೂಪಾಯಿಯೂ ಇರಲಿಲ್ಲ, ಉಳಿದದ್ದೆಲ್ಲ ಕೂಲಿ. ಭಾವನವರು ಒಳ್ಳೆಯ ಮನುಷ್ಯರೇ, ಆದರೂ "ಒಂದು ತಂತಿಗೆ ಇಷ್ಟಾ?" ಎಂದು ಚೌಕಾಸಿಗಿಳಿದರು. ಬೇಕಿಲ್ಲದ ಸೆನ್ಸರಿಗೆ ತುಟಿ ಪಿಟಕ್ಕೆನ್ನದೆ ದುಡ್ಡು ಕೊಟ್ಟವರು ಅವರೇ. ಡಬ್ಬಿಯಲ್ಲಿ ಬಂದ ವಸ್ತುವಿಗೆ ಕೊಡುವ ಬೆಲೆಯನ್ನು ಬಗ್ಗಿ ನೋಡಿದ ಕಣ್ಣಿಗೆ ಕೊಡಲು ನಮಗೆ ಕೈ ಬರುವುದಿಲ್ಲ. ಅದಕ್ಕೇ ವರ್ಕ್‌ಶಾಪುಗಳು ಪರೀಕ್ಷಿಸುವುದನ್ನು ಬಿಟ್ಟು ಬಿಡಿಭಾಗ ಮಾರುತ್ತವೆ. ಪರೀಕ್ಷಿಸಿದ ಹೊತ್ತಿಗೆ ಯಾರೂ ಕಾಸು ಕೊಡುವುದಿಲ್ಲವೆಂದ ಮೇಲೆ, 91ನ್ನು ತಪ್ಪೆಂದು ತಿಳಿದಿದ್ದ ಆ ಚುರುಕಾದ ಹುಡುಗ ಹತ್ತು ವರ್ಷದ ನಂತರವೂ ಮೇಸ್ತ್ರಿಯ ಹಾಗೆ ಮೀಟರ್ ಹಿಡಿದು ನಿಲ್ಲುತ್ತಾನೆಂದು ಹೇಗೆ ನಂಬುವುದು? "ಭಾವ, ಅವರು ಕೇಳಿದ್ದನ್ನು ಕೊಡಿ" ಎಂದು ನಾನು ಸ್ವಲ್ಪ ಬಿರುಸಾಗಿಯೇ ಹೇಳಿದೆ. ಅವರು ಕೊಟ್ಟರು, ಮುಖ ಸಪ್ಪಗಿತ್ತು.

ಮರುದಿನ ಹೆಬ್ಬಾಳದ ಏರಿನಲ್ಲಿ ಸ್ಕ್ಯಾನರ್ ಹಾಕಿಕೊಂಡೇ ಹೋಗಿ ಬಂದೆವು. ಒತ್ತಡ 140ರ ಹತ್ತಿರ ಏರಿ, ಎಲ್ಲಿಯೂ ಮುಗ್ಗರಿಸದೆ ನಿಂತಿತು. ಕಳಚಿ ತೆಗೆದ ಹಳೆಯ ಸೆನ್ಸರ್ ಇನ್ನೂ ಆ ದೊಡ್ಡ ವರ್ಕ್‌ಶಾಪಿನವರ ಬಳಿಯೇ ಇದೆ. ಅದು ಕೆಟ್ಟಿರಲಿಲ್ಲವಾದ್ದರಿಂದ ಅದನ್ನು ಹಿಂದಕ್ಕೆ ಕೇಳಲು ಸೋಮವಾರ ಭಾವನವರ ಜೊತೆ ನಾನೂ ಹೋಗುತ್ತಿದ್ದೇನೆ.