ಕಟ್ಟಿ ಮುಗಿದ ಮೇಲೂ ಎರಡು ವರ್ಷ ಕಾದ ರಿಯಾಕ್ಟರ್

2018ರ ಮಾರ್ಚ್‌ನಲ್ಲಿ ಯುಎಇಯ ಬರಾಕಾ ಅಣು ವಿದ್ಯುತ್ ಸ್ಥಾವರದ ಒಂದನೇ ಯೂನಿಟ್ ಕಟ್ಟಿ ಮುಗಿಯಿತು ಅಂತ ದೊಡ್ಡ ಸಮಾರಂಭ ಆಯಿತು. ದಕ್ಷಿಣ ಕೊರಿಯಾದ ಅಧ್ಯಕ್ಷ ಮೂನ್ ಜೇ-ಇನ್ ಬಂದಿದ್ದರು, ಆಗ ಅಬುಧಾಬಿಯ ಯುವರಾಜರಾಗಿದ್ದ ಮೊಹಮ್ಮದ್ ಬಿನ್ ಜಾಯೆದ್ ಬಂದಿದ್ದರು. ನಾನು ಆ ಸುದ್ದಿಯನ್ನು ಮನೆಯ ಗ್ರೂಪಿಗೆ ಕಳಿಸಿದೆ. ಅವತ್ತೇ ರಾತ್ರಿ ಭಾವ ಫೋನ್ ಮಾಡಿ, "ಅಂತೂ ಮುಗೀತಲ್ಲ, ಕರೆಂಟ್ ಬಂತಾ?" ಅಂತ ಕೇಳಿದರು. ಇನ್ನೂ ಇಲ್ಲ ಭಾವ ಅಂದೆ. ದಸರಾಕ್ಕೆ ಊರಿಗೆ ಬಂದಾಗ ಕೇಳಿದರು. ಸಂಕ್ರಾಂತಿಗೆ ಫೋನಲ್ಲಿ ಕೇಳಿದರು. ಅದರ ಮುಂದಿನ ದಸರಾಕ್ಕೂ ಕೇಳಿದರು. ಕೊನೆಗೆ ಆ ಯೂನಿಟ್ ಗ್ರಿಡ್ಡಿಗೆ ಸೇರಿದ್ದು 2020ರ ಆಗಸ್ಟ್ 19ಕ್ಕೆ.

ಈ ಕಾಯುವಿಕೆ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಮೊದಲು 2017ಕ್ಕೇ ಶುರುವಾಗುತ್ತೆ ಅಂದಿದ್ದರು, ಆಗಲಿಲ್ಲ, ಹಾಗಾಗಿ ದೂರದಿಂದ ನೋಡುವವರಿಗೆ ಏನೋ ಎಡವಟ್ಟಾಗಿದೆ ಅನ್ನಿಸಿದ್ದರೆ ತಪ್ಪಲ್ಲ. ಆದರೆ ಅಲ್ಲೇ ಇದ್ದ ನನಗೆ, ಈ ದೇಶ ಮಾಡಿದ ಅತ್ಯಂತ ಸರಿಯಾದ ಕೆಲಸ ಅದೇ ಅನ್ನಿಸುತ್ತೆ.

ಬರಾಕಾ ಎಲ್ಲಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಯುಎಇ ಅಂದರೆ ನಮ್ಮವರಿಗೆ ದುಬೈ ಒಂದೇ ಕಣ್ಣಿಗೆ ಬರುತ್ತೆ, ಅಲ್ವಾ? ಇದು ಅದರ ತದ್ವಿರುದ್ಧ ದಿಕ್ಕು. ಅಬುಧಾಬಿ ನಗರದಿಂದ ಸೌದಿ ಗಡಿಯ ಕಡೆಗೆ ಹೋಗುವ ಹೈವೇ ಹಿಡಿದರೆ ತಾರಿಫ್ ಬರುತ್ತೆ, ಮಿರ್ಫಾ ಬರುತ್ತೆ, ಆಮೇಲೆ ಎಣ್ಣೆ ಶುದ್ಧೀಕರಿಸುವ ರುವೈಸ್. ಅಲ್ಲಿಂದಲೂ 53 ಕಿಲೋಮೀಟರ್ ಮುಂದೆ. ಎಡಕ್ಕೆ ಮರಳು, ಬಲಕ್ಕೆ ಸಮುದ್ರ, ನಡುವೆ ಉಪ್ಪು ಹೆಪ್ಪುಗಟ್ಟಿದ ಬಟ್ಟ ಬಯಲು. 2013ರಲ್ಲಿ ಒಂದು ಸಿವಿಲ್ ಸಬ್‌ಕಾಂಟ್ರ್ಯಾಕ್ಟ್ ಕಂಪನಿಯ ಕ್ಯೂಸಿ, ಅಂದರೆ ಗುಣಮಟ್ಟ ನೋಡುವ ಇನ್ಸ್‌ಪೆಕ್ಟರ್ ಆಗಿ ನಾನು ಅಲ್ಲಿಗೆ ಹೋದೆ. ಅಮ್ಮನಿಗೆ ವಿಕಿರಣದ ಭಯ. ಇಂಧನ ಬರುವವರೆಗೆ ಅದು ಬರೀ ಕಟ್ಟಡ ಕಣಮ್ಮ, ಸಿಮೆಂಟು ಕಬ್ಬಿಣ ಅಷ್ಟೇ ಅಂತ ಎಷ್ಟು ಹೇಳಿದರೂ ಮೊದಲ ವರ್ಷ ಪೂರ್ತಿ ನಂಬಲಿಲ್ಲ.

ಎಣ್ಣೆಯ ದೇಶಕ್ಕೆ ಅಣುಶಕ್ತಿ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲಿ ಕರೆಂಟ್ ಆಗುತ್ತಿದ್ದುದು ಹೆಚ್ಚುಕಮ್ಮಿ ಪೂರ್ತಿ ಗ್ಯಾಸಿನಿಂದ. ಅದೂ ಸಾಲದೆ 2007ರಿಂದ ಕತಾರಿನಿಂದ ಪೈಪಲ್ಲಿ ತರಿಸುತ್ತಿದ್ದರು. 2020ರ ಹೊತ್ತಿಗೆ 40,000 ಮೆಗಾವ್ಯಾಟ್ ಬೇಕಾಗುತ್ತೆ, ಸಿಗುವ ಗ್ಯಾಸಿನಿಂದ ಅದರಲ್ಲಿ ಸುಮಾರು ಅರ್ಧ ಮಾತ್ರ ಸಾಧ್ಯ ಅಂತ ಸರ್ಕಾರ ಲೆಕ್ಕ ಹಾಕಿತ್ತು. ಆ ಲೆಕ್ಕ ಇದ್ದದ್ದು 2008ರ ಏಪ್ರಿಲ್‌ನಲ್ಲಿ ಹೊರಬಂದ ಒಂದು ನೀತಿ ಪತ್ರದಲ್ಲಿ. ಯುರೇನಿಯಂ ಸಂವರ್ಧನೆ (ಅದರಲ್ಲಿ ಶಕ್ತಿ ಕೊಡುವ ಅಂಶವನ್ನು ಹೆಚ್ಚಿಸುವುದು) ನಾವು ಮಾಡುವುದಿಲ್ಲ, ಬಳಸಿದ ಇಂಧನದ ಮರುಸಂಸ್ಕರಣೆಯನ್ನೂ (ಅದರಿಂದ ಪ್ಲುಟೋನಿಯಂ ಬೇರ್ಪಡಿಸುವುದನ್ನೂ) ಮಾಡುವುದಿಲ್ಲ ಅಂತ ಅದರಲ್ಲೇ ಬರೆದುಕೊಟ್ಟರು. ಬಾಂಬಿನ ದಾರಿ ಇರುವುದು ಅವೆರಡರಲ್ಲೇ. ಮಾರನೇ ವರ್ಷ ಆ ಮಾತನ್ನು ಕಾನೂನೇ ಮಾಡಿದರು.

ಅದೇ ಕಾನೂನಿನಿಂದ ಹುಟ್ಟಿದ್ದು ಫ್ಯಾನರ್, ಅಂದರೆ ಅಣುಶಕ್ತಿಯ ಮೇಲೆ ಕಣ್ಣಿಡುವ ಸಂಸ್ಥೆ. ಅದರ ಮೊದಲ ಮುಖ್ಯಸ್ಥರಾಗಿ ಬಂದ ವಿಲಿಯಂ ಟ್ರಾವರ್ಸ್, ಅಮೆರಿಕದ ಅಣು ನಿಯಂತ್ರಣ ಆಯೋಗದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಈ ಕ್ರಮವನ್ನು ಸ್ವಲ್ಪ ಗಮನಿಸಿ. ಕೊರಿಯಾದ ವಿದ್ಯುತ್ ಕಂಪನಿ ಕೆಪ್ಕೊಗೆ ನಾಲ್ಕು ರಿಯಾಕ್ಟರಿನ ಗುತ್ತಿಗೆ ಸಿಕ್ಕಿದ್ದು 2009ರ ಡಿಸೆಂಬರ್ 27ಕ್ಕೆ. ಸುಮಾರು 20 ಬಿಲಿಯನ್ ಡಾಲರಿನ ಗುತ್ತಿಗೆ ಅದು. ಅಷ್ಟು ಹೊತ್ತಿಗಾಗಲೇ, ಬೇಡ ಅಂದರೆ ಕೆಲಸ ನಿಲ್ಲಿಸುವ ಅಧಿಕಾರ ಇದ್ದ ಸಂಸ್ಥೆ ಕಚೇರಿ ತೆರೆದು ಕೂತಿತ್ತು. ಮನೆ ಕಟ್ಟಿ ಆಮೇಲೆ ಪ್ಲಾನ್ ಪಾಸ್ ಮಾಡಿಸಿಕೊಳ್ಳುವುದನ್ನು ನೋಡಿ ಬೆಳೆದ ನನಗೆ ಇದು ನಿಜಕ್ಕೂ ಹೊಸದು.

ಕಟ್ಟುವ ಪರವಾನಗಿಗೆ ಕೊಟ್ಟ ಅರ್ಜಿಯೇ ಸುಮಾರು 9,000 ಪುಟ. ಅದರ ಪರಿಶೀಲನೆ ನಡೆಯುತ್ತಿರುವಾಗಲೇ, 2011ರ ಮಾರ್ಚ್ 11ಕ್ಕೆ, ಜಪಾನಿನಲ್ಲಿ ಫುಕುಶಿಮಾ ಅಣು ಸ್ಥಾವರದ ದುರಂತ ಆಯಿತು. ಬರಾಕಾದ ಶಂಕುಸ್ಥಾಪನೆ ಇದ್ದದ್ದು ಅದಾದ ಮೂರೇ ದಿನಕ್ಕೆ. ಸಮಾರಂಭವೇನೋ ನಡೆಯಿತು, ಆದರೆ ಫುಕುಶಿಮಾದಿಂದ ಏನು ಕಲಿತಿರಿ, ನಿಮ್ಮ ವಿನ್ಯಾಸದಲ್ಲಿ ಏನು ಬದಲಾಯಿಸುತ್ತೀರಿ ಅಂತ ಫ್ಯಾನರ್ ಲೆಕ್ಕ ಕೇಳಿತು. ಪರವಾನಗಿ ಸಿಕ್ಕಿದ್ದು 2012ರ ಜುಲೈಗೆ, ಮೊದಲ ಕಾಂಕ್ರೀಟ್ ಬಿದ್ದದ್ದೂ ಅದೇ ತಿಂಗಳು.

ನಾನು ಅಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ಕೊರಿಯಾದಿಂದ ಒಂದು ಕೆಟ್ಟ ಸುದ್ದಿ ಬಂತು. ಬರಾಕಾದ ರಿಯಾಕ್ಟರುಗಳಿಗೆ ಮಾದರಿ ಅಂದರೆ ಅಲ್ಲಿನ ಶಿನ್ ಕೋರಿ 3. ಅದಕ್ಕೆ ಹಾಕಿದ್ದ ಕೇಬಲುಗಳ ಪರೀಕ್ಷಾ ಪತ್ರಗಳೇ ನಕಲಿ ಅಂತ ಗೊತ್ತಾಯಿತು. ಮತ್ತೆ ಪರೀಕ್ಷೆ ಮಾಡಿದಾಗ ಕೇಬಲ್ ಫೇಲ್. ಎಳೆದಿದ್ದ ಕೇಬಲನ್ನೆಲ್ಲ ಬಿಚ್ಚಿ ಬದಲಾಯಿಸಬೇಕಾಯಿತು. ಸೈಟಿನ ಕ್ಯಾಂಟೀನಲ್ಲಿ ವಾರಗಟ್ಟಲೆ ಅದೇ ಮಾತು. ಒಂದು ಕಾಗದ ಸುಳ್ಳಾದರೆ ಏನಾಗುತ್ತೆ ಅಂತ ನನಗೆ ಮನಸ್ಸಿಗೆ ನಾಟಿದ್ದು ಆಗಲೇ.

ಮಾರನೇ ವರ್ಷದ ಬೇಸಿಗೆಯಲ್ಲಿ ನನ್ನ ಕೈಗೇ ಅಂಥದ್ದೊಂದು ಬಂತು. ಇಲ್ಲಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯವರೆಗೆ, ಬಿಸಿಲಲ್ಲಿ ಯಾರಿಂದಲೂ ಕೆಲಸ ಮಾಡಿಸುವ ಹಾಗಿಲ್ಲ. ಅದೂ ಅಲ್ಲದೆ ದಪ್ಪ ಗೋಡೆಯಲ್ಲಿ ಕಾಂಕ್ರೀಟ್ ತನ್ನಷ್ಟಕ್ಕೆ ತಾನೇ ಬಿಸಿಯಾಗುತ್ತೆ, ಹೊರಗಿನ ಕಾವೂ ಸೇರಿಕೊಂಡರೆ ಬಿರುಕು ಬಿಡುತ್ತೆ. ಹಾಗಾಗಿ ದೊಡ್ಡ ಕಾಂಕ್ರೀಟೆಲ್ಲ ರಾತ್ರಿಯೇ, ಅದೂ ಐಸ್ ಹಾಕಿ ಕಲಸಿದ್ದು. ಅವತ್ತು ಕಂಬಿ ಕಟ್ಟಿ ಆಗಿತ್ತು, ಸೆಂಟರಿಂಗ್ ನಿಂತಿತ್ತು, ಪಂಪ್ ಬಂದು ಕಾಯುತ್ತಿತ್ತು. ನಾನು ಕೊನೆಯ ಸಲ ಟ್ಯಾಗುಗಳನ್ನು ನೋಡುತ್ತಿದ್ದೆ. ಪ್ರತಿ ಕಂಬಿ ಕಟ್ಟಿಗೂ ಒಂದು ತಗಡಿನ ಟ್ಯಾಗ್ ಇರುತ್ತೆ, ಅದರ ಮೇಲೆ ಹೀಟ್ ನಂಬರ್, ಅಂದರೆ ಈ ಉಕ್ಕು ಕುಲುಮೆಯ ಯಾವ ಸಲದ ಕರಗಿಸುವಿಕೆಯಿಂದ ಬಂತು ಅನ್ನುವ ಗುರುತು. ಒಂದು ಟ್ಯಾಗಿನ ಕೊನೆಯ ಎರಡು ಅಂಕಿ, ಕೈಯಲ್ಲಿದ್ದ ಮಿಲ್ ಸರ್ಟಿಫಿಕೇಟಿಗೆ, ಅಂದರೆ ಉಕ್ಕಿನ ಕಾರ್ಖಾನೆ ಕೊಟ್ಟ ಪತ್ರಕ್ಕೆ, ಹೊಂದಲಿಲ್ಲ. ಬೆವರು ಒರೆಸಿಕೊಂಡು ಟಾರ್ಚ್ ಬಿಟ್ಟು ಮತ್ತೆ ಓದಿದೆ. ಅಲ್ಲಿ 47, ಇಲ್ಲಿ 74.

ಫೋರ್‌ಮನ್ ತೆಲುಗಿನವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. "ತಮ್ಮುಡೂ, ಯಾರ್ಡಲ್ಲಿ ಬರೆಯೋವಾಗ ಅದಲುಬದಲಾಗಿದೆ ಅಷ್ಟೇ, ಕಂಬಿ ಅದೇ" ಅಂದರು. ಅವರು ಹೇಳಿದ್ದೇ ನಿಜ ಇರಬಹುದು ಅಂತ ನನಗೂ ಅನ್ನಿಸಿತು. ಆದರೆ ಅದು ಹೋಲ್ಡ್ ಪಾಯಿಂಟ್. ಸಹಿ ಬೀಳದೆ ಮುಂದೆ ಹೋಗುವ ಹಾಗಿಲ್ಲ. ಕೊರಿಯಾದ ಇನ್ಸ್‌ಪೆಕ್ಟರ್ ಬಂದು ಎರಡೂ ನಂಬರ್ ನೋಡಿದರು, ಒಂದು ಮಾತೂ ಆಡದೆ ಪೆನ್ನಿನ ಕ್ಯಾಪ್ ಮುಚ್ಚಿ ಜೇಬಿಗೆ ಹಾಕಿಕೊಂಡರು. ಅವತ್ತಿನ ಕಾಂಕ್ರೀಟ್ ರದ್ದು. ಅರವತ್ತು ಜನರ ರಾತ್ರಿ ಪಾಳಿ ವಾಪಸ್ ಬಸ್ ಹತ್ತಿತು. ಕ್ಯಾಂಪಿಗೆ ಹೋಗುವ ದಾರಿಯಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ, ಆ ಬಸ್ಸು ನನಗೆ ಇವತ್ತಿಗೂ ನೆನಪಿದೆ. ಅದೇ ಕಟ್ಟಿನಲ್ಲಿ ಉಳಿದಿದ್ದ ಕಂಬಿಯನ್ನು ಕತ್ತರಿಸಿ ಲ್ಯಾಬಿಗೆ ಕಳಿಸಿದರು. ಹನ್ನೊಂದು ದಿನಕ್ಕೆ ಉತ್ತರ ಬಂತು. ಕಂಬಿ ಸರಿಯಾಗಿಯೇ ಇತ್ತು, ಬರೆದವರು ಅಂಕಿ ತಿರುಗಿಸಿದ್ದರು. ಫೋರ್‌ಮನ್ ಹೇಳಿದ್ದೇ ಸರಿ. ಆ ಹನ್ನೊಂದು ದಿನ ದಂಡ ಅಂತ ನಮ್ಮ ಕಂಪನಿಯ ಮ್ಯಾನೇಜರ್ ಕೂಗಾಡಿದರು. ನಾನು ಹಾಗೆ ಒಪ್ಪುವುದಿಲ್ಲ. ಅರವತ್ತು ವರ್ಷ ನಿಲ್ಲಬೇಕಾದ ಗೋಡೆಯಲ್ಲಿ "ಇರಬಹುದು" ಅನ್ನುವ ಕಂಬಿ ಸೇರಬಾರದು.

ಸಮುದ್ರದ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಟರ್ಬೈನ್ ತಿರುಗಿಸಿದ ಹಬೆಯನ್ನು ತಣಿಸಿ ಮತ್ತೆ ನೀರು ಮಾಡಬೇಕು, ಅದಕ್ಕೆ ಸಮುದ್ರದ ನೀರು. ಕೊರಿಯಾದ ಕಡಲು ತಣ್ಣಗಿದೆ. ಇಲ್ಲಿ ಆಗಸ್ಟಿನಲ್ಲಿ ಕಾಲಿಟ್ಟರೆ ಸ್ನಾನದ ನೀರಿನ ಹಾಗೆ ಇರುತ್ತೆ. ಅದಕ್ಕೇ ಅದೇ ವಿನ್ಯಾಸವನ್ನು ತಂದು ಸುಮ್ನೆ ನಿಲ್ಲಿಸಲು ಆಗಲಿಲ್ಲ, ಜಾಸ್ತಿ ನೀರು ಹರಿಸಲು ಪಂಪುಗಳನ್ನೂ ಶಾಖ ವಿನಿಮಯದ ಯಂತ್ರಗಳನ್ನೂ ದೊಡ್ಡದು ಮಾಡಬೇಕಾಯಿತು.

ಇನ್ನು ಆ ಎರಡು ವರ್ಷ. ಕಟ್ಟಡ ನಿಂತಿತ್ತು, ಯಂತ್ರಗಳು ಕೂತಿದ್ದವು, ಪರೀಕ್ಷೆಗಳು ನಡೆಯುತ್ತಿದ್ದವು. ತಯಾರಾಗಬೇಕಾಗಿದ್ದದ್ದು ಜನ. ಈ ದೇಶದಲ್ಲಿ ಅದುವರೆಗೆ ಅಣು ಸ್ಥಾವರ ನಡೆಸಿದವರು ಒಬ್ಬರೂ ಇರಲಿಲ್ಲ. ಅಪ್ಪನಿಂದಲೋ ಸೀನಿಯರಿಂದಲೋ ಕೇಳಿ ಕಲಿಯೋಣ ಅಂದರೆ ಆ ಅಪ್ಪನೇ ಇಲ್ಲ. ನಡೆಸಲೆಂದೇ 2016ರಲ್ಲಿ ನವಾಹ್ ಅನ್ನುವ ಕಂಪನಿ ಕಟ್ಟಿದರು. ಕಂಟ್ರೋಲ್ ರೂಮಿನ ತದ್ರೂಪದ ಹಾಗಿರುವ ಸಿಮ್ಯುಲೇಟರುಗಳನ್ನು ಸೈಟಿನಲ್ಲೇ ಇಟ್ಟು ಹುಡುಗರಿಗೆ ತರಬೇತಿ ಕೊಟ್ಟರು, ಹೆಣ್ಣುಮಕ್ಕಳೂ ಇದ್ದರು. ಪಂಪ್ ನಿಂತಿತು, ಪೈಪ್ ಒಡೆಯಿತು, ಕರೆಂಟ್ ಪೂರ್ತಿ ಹೋಯಿತು, ಈಗ ಏನು ಮಾಡ್ತೀರಿ? ದಿನವಿಡೀ ಇದೇ. ಒಬ್ಬ ಎಮಿರಾಟಿ ಹುಡುಗ ಕ್ಯಾಂಟೀನಲ್ಲಿ ನನ್ನ ಪಕ್ಕ ಕೂತಿದ್ದಾಗ ಅವನ ಬೆರಳುಗಳು ಮೇಜಿನ ಮೇಲೆ ಯಾವುದೋ ಸ್ವಿಚ್ಚುಗಳನ್ನು ಸಾಲಾಗಿ ಒತ್ತುತ್ತಿದ್ದವು. ಅವನಿಗೆ ಅದರ ಅರಿವೇ ಇರಲಿಲ್ಲ, ಕಣ್ಣು ಬೇರೆಲ್ಲೋ ಇತ್ತು. ಪರೀಕ್ಷೆ ಮುಂದಿನ ವಾರ ಅಂದ.

ಕಟ್ಟಡಕ್ಕೆ ಸುರಿದ ದುಡ್ಡಿಗೆ ದಿನದಿನವೂ ಬಡ್ಡಿ ಬೆಳೆಯುತ್ತಿರುತ್ತೆ. ಸ್ವಿಚ್ ಹಾಕಿಬಿಡೋಣ ಅನ್ನುವ ಒತ್ತಡ ಎಷ್ಟಿದ್ದಿರಬಹುದು ಯೋಚಿಸಿ. ಆದರೂ ಆಪರೇಟರುಗಳು ತಯಾರಾಗಲು ಇನ್ನೂ ಸಮಯ ಬೇಕು, ಇಂಧನ ತುಂಬುವುದು 2019ರ ಕೊನೆಗೋ 2020ರ ಶುರುವಿಗೋ ಅಂತ ನವಾಹ್ 2018ರಲ್ಲೇ ಹೊರಗೆ ಹೇಳಿತು. ಫ್ಯಾನರ್ ನಡೆಸುವ ಪರವಾನಗಿ ಕೊಟ್ಟದ್ದು 2020ರ ಫೆಬ್ರವರಿಗೆ. ಮಾರ್ಚ್ ಹೊತ್ತಿಗೆ 241 ಇಂಧನ ಜೋಡಣೆಗಳು, ಅಂದರೆ ಯುರೇನಿಯಂ ತುಂಬಿದ ಕಡ್ಡಿಗಳ ಕಟ್ಟುಗಳು, ರಿಯಾಕ್ಟರಿನ ಒಳಗಿದ್ದವು, ಹೊರಗೆ ಪ್ರಪಂಚವೆಲ್ಲ ಕೊರೋನಾದಿಂದ ಬಾಗಿಲು ಹಾಕಿಕೊಂಡಿತ್ತು. ಆಗಸ್ಟಿನಲ್ಲಿ ಗ್ರಿಡ್ಡಿಗೆ ಸೇರಿದ ದಿನ ನಾನೇ ಭಾವನಿಗೆ ಫೋನ್ ಮಾಡಿ, ಕರೆಂಟ್ ಬಂತು ಭಾವ ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ನಿಮ್ಮಮ್ಮನಿಗೆ ಕೊಡ್ತೀನಿ ಇರು, ನೀನೇ ಹೇಳು" ಅಂದರು.

ನಾಲ್ಕನೇ ಯೂನಿಟ್ 2024ರ ಸೆಪ್ಟೆಂಬರ್‌ನಲ್ಲಿ ಪೂರ್ಣವಾಗಿ ಕೆಲಸಕ್ಕೆ ಇಳಿಯಿತು. ಈಗ ಈ ದೇಶದ ಕರೆಂಟಿನಲ್ಲಿ ಕಾಲು ಭಾಗ ಅಲ್ಲಿಂದಲೇ ಬರುತ್ತೆ. ನಾನೀಗ ಅಲ್ಲಿಲ್ಲ, ಅಬುಧಾಬಿಯಲ್ಲೇ ಬೇರೆ ಕೆಲಸ. ಆ ಗೋಡೆ ಮಾತ್ರ ಅಲ್ಲೇ ಇದೆ. 47 ಹೊಡೆದು 74 ಅಂತ ತಿದ್ದಿ, ಪಕ್ಕದಲ್ಲಿ ತಾರೀಖು ಹಾಕಿ ನಾನು ಸಹಿ ಮಾಡಿದ ಹಾಳೆ ಅದರ ಫೈಲಿನಲ್ಲಿದೆ.