ಗಜಲ್ ಕೇಳಲು ಯಾರಿಂದ ಶುರು ಮಾಡಬೇಕು?

ಸಂಗೀತದ ಬಗ್ಗೆ ಆಗಾಗ ಬರೆಯುವುದರಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: "ಉರ್ದು ಬಾರದು, ಗಜಲ್ ಕೇಳುವ ಆಸೆಯಿದೆ. ಯಾರಿಂದ ಶುರು ಮಾಡಲಿ?" ಕಲಬುರಗಿ, ಬೀದರ್ ಕಡೆಯವರು ಹೀಗೆ ಕೇಳುವುದಿಲ್ಲ, ಉರ್ದು ಅವರ ಕಿವಿಗೆ ಸಂತೆಯಲ್ಲೇ ಬಿದ್ದಿರುತ್ತದೆ. ಉಳಿದವರು ನನ್ನ ಬಾಯಿಂದ ಜಗಜಿತ್ ಸಿಂಗ್ ಅಥವಾ ಮೆಹದಿ ಹಸನ್ ಹೆಸರು ಬರುತ್ತದೆಂದು ಕಾದಿರುತ್ತಾರೆ. ನಾನು ಮಲಿಕಾ ಪುಖ್ರಾಜ್ ಎನ್ನುತ್ತೇನೆ. "ಯಾರದು?" ಎಂಬ ಮರುಪ್ರಶ್ನೆ ತಪ್ಪದೆ ಬರುತ್ತದೆ.

1912ರಲ್ಲಿ ಜಮ್ಮು ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. ಹೆಸರಾಂತ ಹಿಂದೂಸ್ತಾನಿ ಗಾಯಕ ಬಡೇ ಗುಲಾಂ ಅಲಿ ಖಾನರ ತಂದೆ ಅಲಿ ಬಕ್ಷ್ ಅವರ ಬಳಿ ಪಾಠವಾಯಿತು. ಇನ್ನೂ ಚಿಕ್ಕ ಹುಡುಗಿಯಾಗಿದ್ದಾಗಲೇ ಜಮ್ಮು-ಕಾಶ್ಮೀರದ ಮಹಾರಾಜ ಹರಿಸಿಂಗರ ಆಸ್ಥಾನ ಸೇರಿದರು. ಅಲ್ಲಿ ಅವರಿಗಿದ್ದ ಮನ್ನಣೆಯೇ ಆಮೇಲೆ ಮುಳುವಾಯಿತು. ಪಿಸುಮಾತು, ಸಂಶಯ ಬೆಳೆದಂತೆ ಜಮ್ಮು ಬಿಟ್ಟು ಲಾಹೋರಿಗೆ ಹೋದರು. ಅಲ್ಲಿ ಅವರನ್ನು ಮನೆಮನೆಗೆ ಮುಟ್ಟಿಸಿದ್ದು ರೇಡಿಯೊ. ಅವರ ಎಷ್ಟೋ ಹಾಡುಗಳಿಗೆ ರಾಗ ಕೂಡಿಸಿದವರು ಕಾಲೇ ಖಾನ್. ಸರ್ಕಾರಿ ಅಧಿಕಾರಿಯಾಗಿದ್ದ ಶಬ್ಬೀರ್ ಹುಸೇನ್ ಶಾ ಅವರನ್ನು ಮದುವೆಯಾದರು. ದೇಶ ಇಬ್ಭಾಗವಾದಾಗ ಲಾಹೋರಿನಲ್ಲೇ ಉಳಿದರು. ಹುಟ್ಟಿದ ಸೀಮೆ ಗಡಿಯ ಆಚೆಗಾಯಿತು. 1980ರಲ್ಲಿ ಪಾಕಿಸ್ತಾನ ಸರ್ಕಾರದ ಪ್ರಶಸ್ತಿ ಬಂತು. 2004ರಲ್ಲಿ ಲಾಹೋರಿನಲ್ಲೇ ತೀರಿಕೊಂಡರು.

ಉರ್ದು ಬಾರದವರಿಗೆ ಇವರೇ ಏಕೆ ಎಂದರೆ, ಇವರ ಗಜಲ್ ದಿವಾನಖಾನೆಯಲ್ಲಿ ದಿಂಬಿಗೊರಗಿ ಕೂತಿಲ್ಲ. ಹಿನ್ನೆಲೆಯಲ್ಲಿ ಜಮ್ಮು ಸೀಮೆಯ ಡೋಗ್ರಿ, ಪಹಾಡಿ ನುಡಿಗಳ ಜನಪದ ಹಾಡುಗಳಿವೆ. ಅವನ್ನೂ ಇವರು ಜೀವನವಿಡೀ ಹಾಡಿದರು. ಹಾಗಾಗಿ ದನಿ ಗಂಟಲು ಬಿಚ್ಚಿ ಬರುತ್ತದೆ. ಅದು ನಯವಾದ ದನಿಯಲ್ಲ, ಅಂಚಿನಲ್ಲಿ ಸ್ವಲ್ಪ ಖಾರವಿದೆ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಇಂದು ಗಜಲ್ ಹೆಸರಿನಲ್ಲಿ ಪಿಸುಗುಟ್ಟುವ ಅನೇಕರನ್ನು ಕೇಳಿದ ಮೇಲೆ ಈ ಬಿಚ್ಚುದನಿ ನನಗೆ ಇನ್ನಷ್ಟು ಹಿಡಿಸುತ್ತದೆ.

'ಅಭೀ ತೋ ಮೈ ಜವಾನ್ ಹೂಂ' ಹಾಕಿಕೊಳ್ಳಿ. ಬರೆದವರು ಹಫೀಜ್ ಜಾಲಂಧರಿ. ಕಟ್ಟುನಿಟ್ಟಾಗಿ ನೋಡಿದರೆ ಇದು ಗಜಲ್ ಅಲ್ಲ, ನಜ್ಮ್. ಗಜಲಿನಲ್ಲಿ ಎರಡೆರಡು ಸಾಲಿನ ಒಂದೊಂದು ದ್ವಿಪದಿಯೂ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ನಜ್ಮಿನಲ್ಲಿ ಒಂದೇ ಭಾವ ಮೊದಲಿನಿಂದ ಕೊನೆಯವರೆಗೆ ಹರಿಯುತ್ತದೆ. ಗಜಲ್ ಗಾಯಕಿಯ ಅತ್ಯಂತ ಪ್ರಸಿದ್ಧ ಹಾಡೇ ಗಜಲ್ ಅಲ್ಲ ಎಂದು ಪಂಡಿತರು ಗೊಣಗಲಿ, ಹೊಸ ಕೇಳುಗರಿಗೆ ಅನುಕೂಲವೇ ಆಯಿತು. ಪ್ರಾರ್ಥನೆ, ಮುಕ್ತಿ ಎಲ್ಲ ಆಮೇಲೆ, ನನಗಿನ್ನೂ ಹರೆಯ: ಇಷ್ಟು ತಿಳಿದರೆ ಹಾಡು ಹಿಡಿಯಲು ಸಾಕು. ಸಾಲುಗಳು ಪುಟ್ಟಪುಟ್ಟವು, ಪ್ರಾಸ ಒಂದರ ಮೇಲೊಂದು ಉರುಳಿ ಬರುತ್ತದೆ. ಆದಿಪ್ರಾಸ, ಅಂತ್ಯಪ್ರಾಸ ಎರಡನ್ನೂ ಕೇಳಿ ಬೆಳೆದ ಕನ್ನಡದ ಕಿವಿಗೆ ಅದು ಹೊಸತೇನಲ್ಲ.

ರಾಗ ಪಹಾಡಿ. ಬೆಟ್ಟದ ಧಾಟಿಗಳಿಂದಲೇ ಶಾಸ್ತ್ರೀಯ ಸಂಗೀತಕ್ಕೆ ಬಂದ ರಾಗವಿದು. ಹಿಂದೂಸ್ತಾನಿಯ ಭೂಪ್ ಅಥವಾ ನಮ್ಮ ಮೋಹನ ರಾಗ ಕೇಳಿದವರಿಗೆ ಪರಿಚಿತ ಎನಿಸುತ್ತದೆ. ಆದರೆ ಪಹಾಡಿ ಮಂದ್ರದಲ್ಲಿ, ಅಂದರೆ ತಗ್ಗಿನ ಸ್ಥಾಯಿಯಲ್ಲಿ, ಹೆಚ್ಚು ಹೊತ್ತು ತಂಗುತ್ತದೆ, ಮನಸ್ಸು ಬಂದಾಗ ರಾಗದ ಹೊರಗಿನ ಸ್ವರವನ್ನೂ ಒಳಗೆ ಕರೆದುಕೊಳ್ಳುತ್ತದೆ. ಈ ಸಲಿಗೆಯೇ ಮಲಿಕಾ ಅವರ ಗಾಯನದ ಜೀವಾಳ. ಪಲ್ಲವಿಯ ಸಾಲಿಗೆ ಮರಳುವಾಗಲೆಲ್ಲ ಅವರ ದನಿಯಲ್ಲಿ ಹಟ ಇರುತ್ತದೆ, ಬೇಡಿಕೆ ಇರುವುದಿಲ್ಲ. ವಯಸ್ಸಾದ ಮೇಲೂ ಇದನ್ನು ಹಾಡಿದರು. ಸುಕ್ಕುಗಟ್ಟಿದ ಮುಖದ ಅಜ್ಜಿ "ನನಗಿನ್ನೂ ಹರೆಯ" ಎಂದಾಗ ನಗು ಬರಬೇಕಿತ್ತು, ಬರುವುದಿಲ್ಲ.

ಮಗಳು ತಾಹಿರಾ ಸಯ್ಯದ್ ಕೂಡ ಗಜಲ್, ಜನಪದ ಎರಡನ್ನೂ ಹಾಡುವವರು. ತಾಯಿಯ ಈ ಹಾಡನ್ನೂ ಹಾಡಿದ್ದಾರೆ. ಅವರ ದನಿ ಹೆಚ್ಚು ನಯ. ಕೆಲವರಿಗೆ ಅದೇ ಇಷ್ಟವಾಗುತ್ತದೆ, ಜಗಳವಿಲ್ಲ. ಆದರೆ ತಾಯಿಯದನ್ನು ಮೊದಲು ಕೇಳಿ, ಆಮೇಲೆ ಮಗಳದು. ಮೆಹದಿ ಹಸನ್ ಎಲ್ಲಿಗೂ ಓಡಿಹೋಗುವುದಿಲ್ಲ.