ಮುಳುಗಿದ ಹಡಗಿಗೆ ಸಿಕ್ಕ ನೆಲ: ಸಿಡ್ನಿಯಿಂದ ಕ್ಯಾನ್‌ಬೆರಾಗೆ

ಸಿಡ್ನಿಯ ಸರ್ಕ್ಯುಲರ್ ಕ್ವೇ ನಿಲ್ದಾಣದಲ್ಲಿ ಇಳಿದವರು ಸಾಮಾನ್ಯವಾಗಿ ಬಲಕ್ಕೆ, ಆಪೆರಾ ಹೌಸ್ ಕಡೆ ಹೊರಡುತ್ತಾರೆ. ಹಳೆಯ ಕಾಲದ ವ್ಯಾಪಾರಿ ರಾಬರ್ಟ್ ಕ್ಯಾಂಪ್‌ಬೆಲ್‌ನ ಜಾಡು ಇರುವುದು ಎಡಕ್ಕೆ. ದಡದಗುಂಟ ಹತ್ತು ನಿಮಿಷ ನಡೆದರೆ ಕ್ಯಾಂಪ್‌ಬೆಲ್ ಕೋವ್. ಅಲ್ಲಿ ಒಂದಕ್ಕೊಂದು ಅಂಟಿಕೊಂಡ ಹನ್ನೊಂದು ಗೋದಾಮುಗಳು. ಕೆಳಗೆ ಮರಳುಗಲ್ಲು, ಮೇಲೆ ಆಮೇಲೆ ಏರಿಸಿದ ಇಟ್ಟಿಗೆಯ ಅಂತಸ್ತು. ಕಟ್ಟಲು ತೊಡಗಿದ್ದು 1839ರಲ್ಲಿ. ಒಳಗೀಗ ದುಬಾರಿ ಹೋಟೆಲುಗಳಿವೆ. ಅಲ್ಲಿನ ಊಟಕ್ಕಿಂತ ಆ ಕಲ್ಲುಗೋಡೆಯೇ ಮೇಲು.

ಸ್ಕಾಟ್ಲೆಂಡಿನಲ್ಲಿ 1769ರಲ್ಲಿ ಹುಟ್ಟಿದ ಕ್ಯಾಂಪ್‌ಬೆಲ್, ಕಲ್ಕತ್ತದಲ್ಲಿದ್ದ ಅಣ್ಣನ ವ್ಯಾಪಾರಕ್ಕೆ ಸೇರಿ, 1798ರಲ್ಲಿ ಸಿಡ್ನಿಗೆ ಬಂದ. 1808ರಲ್ಲಿ ಸೈನ್ಯದವರು ಆ ಬ್ರಿಟಿಷ್ ವಸಾಹತಿನ ಗವರ್ನರ್ ಬ್ಲೈನನ್ನು ಕೆಳಗಿಳಿಸಿದಾಗ ಗವರ್ನರನ ಪಕ್ಷ ಬಿಡಲಿಲ್ಲ. 1825ರಿಂದ 1843ರವರೆಗೆ ಶಾಸನ ಪರಿಷತ್ತಿನ ಸದಸ್ಯನಾಗಿದ್ದ.

ಈ ಪ್ರವಾಸದ ತಿರುಳು ಮಾತ್ರ ಒಂದು ಹಡಗು. 1806ರ ಮಾರ್ಚಿನಲ್ಲಿ ಹಾಕ್ಸ್‌ಬರಿ ನದಿ ಉಕ್ಕಿ ಬೆಳೆಯೆಲ್ಲ ಕೊಚ್ಚಿಹೋಯಿತು, ಊರಿಗೆ ಅನ್ನದ ಚಿಂತೆ ಹತ್ತಿತು. ಬಂಗಾಳದಿಂದ ಧಾನ್ಯ ತರಿಸಲು ಸರ್ಕಾರ ಕ್ಯಾಂಪ್‌ಬೆಲ್‌ನ ‘ಸಿಡ್ನಿ’ ಎಂಬ ಹಡಗನ್ನೇ ಬಾಡಿಗೆಗೆ ಹಿಡಿಯಿತು. ಕಲ್ಕತ್ತ ಮುಟ್ಟುವ ಮೊದಲೇ ನ್ಯೂಗಿನಿಯ ಬಳಿ ಅದು ಒಡೆದುಹೋಯಿತು. ಪರಿಹಾರಕ್ಕೆ 1825ರವರೆಗೆ ಕಾಯಬೇಕಾಯಿತು: 4000 ಎಕರೆ ನೆಲ, 710 ಕುರಿ. ಜೇಮ್ಸ್ ಐನ್ಸ್‌ಲಿ ಎಂಬಾತ ಆ ಕುರಿಗಳನ್ನು ಹೊಡೆದುಕೊಂಡು ಹೋಗಿ ನಿಲ್ಲಿಸಿದ ಬಯಲಿನಲ್ಲೇ ಇಂದು ಆಸ್ಟ್ರೇಲಿಯಾದ ರಾಜಧಾನಿ ಇದೆ. ಮೂಲನಿವಾಸಿಗಳಾದ ನುನ್ನವಾಲ್ ಜನರಿಗೆ ಆದ ನಷ್ಟವನ್ನು ಆ ಲೆಕ್ಕದಲ್ಲಿ ಯಾರೂ ಹಿಡಿಯಲಿಲ್ಲ. ಬಂದರಿನಲ್ಲಿ ಈ ಕಥೆ ಓದಿಕೊಂಡು ಹೋದರೆ ಕ್ಯಾನ್‌ಬೆರಾ ಬೇರೆಯೇ ಊರಾಗಿ ಕಾಣುತ್ತದೆ.

ಸಿಡ್ನಿಯ ಸೆಂಟ್ರಲ್ ನಿಲ್ದಾಣದಿಂದ ಬಸ್ಸು ಹಿಡಿಯುವುದು ಒಳ್ಳೆಯದು. ಮೂರೂವರೆ ಗಂಟೆಯ ದಾರಿ, ಇಳಿಸುವುದು ನಗರದ ನಡುವೆ. ರೈಲು ಇನ್ನೂ ನಿಧಾನ, ಸಾಲದ್ದಕ್ಕೆ ಕ್ಯಾನ್‌ಬೆರಾದ ನಡುವಿನ ಕೆರೆಯ ದಕ್ಷಿಣಕ್ಕಿರುವ ಕಿಂಗ್ಸ್‌ಟನ್‌ನಲ್ಲಿ ಬಿಡುತ್ತದೆ. ಈ ಜಾಡಿನಲ್ಲಿ ನೋಡಬೇಕಾದ್ದೆಲ್ಲ ಉತ್ತರ ದಡದಲ್ಲಿ. ಗಂಟುಮೂಟೆ ಹೊತ್ತು ಮತ್ತೆ ಸಿಟಿ ಬಸ್ಸು ಕಾಯುವ ಕಷ್ಟ ಬೇಡ.

ಬಸ್ಸಿಳಿದ ಜಾಗದಿಂದ ರೀಡ್ ಬಡಾವಣೆಯ ಸೇಂಟ್ ಜಾನ್ಸ್ ಚರ್ಚಿಗೆ ನಡೆದೇ ಹೋಗಬಹುದು. ಕ್ಯಾಂಪ್‌ಬೆಲ್‌ನ ನೆರವಿನಿಂದ ಎದ್ದ ಈ ಚರ್ಚು 1845ರಲ್ಲಿ ಪೂಜೆಗೆ ತೆರೆಯಿತು. ಪಕ್ಕದ ಹಳೇ ಶಾಲೆಯ ಮ್ಯೂಸಿಯಂಗೆ ದಿನವೂ ಪ್ರವೇಶವಿಲ್ಲ, ವಾರ ವಿಚಾರಿಸಿಕೊಂಡೇ ಹೊರಡಿ. ಅಲ್ಲಿಂದ ಆನ್ಜಾಕ್ ಪೆರೇಡ್ ಹಿಡಿದು ಯುದ್ಧ ಸ್ಮಾರಕದ ಹಿಂಬದಿಗೆ ಹೋದರೆ ಮೌಂಟ್ ಐನ್ಸ್‌ಲಿಯ ಕಾಲುದಾರಿ. ಕುರಿ ಹೊಡೆದವನ ಹೆಸರು ಬೆಟ್ಟಕ್ಕೆ, ಒಡೆಯನ ಹೆಸರು ಕೆಳಗಿನ ಬಡಾವಣೆಗೆ! ಎರಡು ಕಿಲೋಮೀಟರಿಗೂ ಹೆಚ್ಚು ಏರು; ನೀರು ಒಯ್ಯಿರಿ, ಬೇಸಿಗೆಯಲ್ಲಿ ಮಧ್ಯಾಹ್ನ ಹತ್ತಬೇಡಿ. ಕ್ಯಾಂಪ್‌ಬೆಲ್ 1846ರಲ್ಲಿ ತೀರಿಕೊಂಡ ಡಂಟ್ರೂನ್ ಮನೆ ಈಗ ಸೈನಿಕ ಕಾಲೇಜಿನ ಆವರಣದೊಳಗಿದೆ. ನೇರ ನುಗ್ಗುವಂತಿಲ್ಲ, ಅನುಮತಿಯ ವಿಚಾರ ಮೊದಲೇ ತಿಳಿದುಕೊಳ್ಳಿ.